ಚಕ್ಕುಲಿ ಡಬ್ಬ ಕಸ್ಟಮ್ಸ್‌ನಲ್ಲಿ ಸಿಕ್ಕಿಕೊಂಡಾಗ

ಮಗ ಎಂ.ಎಸ್. ಓದಲು ಅಮೆರಿಕಕ್ಕೆ ಹೋದ ಮೇಲೆ ಬಂದ ಮೊದಲ ಗೌರಿ ಹಬ್ಬ. ತಾಯಿ ಎರಡು ದಿನ ಒಲೆಯ ಮುಂದೆ ಕೂತು ಚಕ್ಕುಲಿ, ಕೋಡುಬಳೆ ಕರಿದಿದ್ದಾರೆ. ಜೊತೆಗೆ ಸಾರಿನ ಪುಡಿ, ಚಟ್ನಿಪುಡಿ, ಎರಡು ಕಟ್ಟು ಹಪ್ಪಳ. ತಂದೆ ರಟ್ಟಿನ ಪೆಟ್ಟಿಗೆಗೆ ಅಂಟುಪಟ್ಟಿ ಸುತ್ತಿ, ಪೋಸ್ಟ್ ಆಫೀಸಿಗೆ ಹೊತ್ತುಕೊಂಡು ಹೋಗಿ, ತೂಗಿಸಿ, ದುಡ್ಡು ಕಟ್ಟಿ, ರಸೀದಿ ಜೇಬಿಗೆ ಹಾಕಿಕೊಂಡು ಬರುತ್ತಾರೆ. ಆರನೆಯ ದಿನಕ್ಕೆ ಪಾರ್ಸೆಲ್ ನ್ಯೂಯಾರ್ಕ್ ಮುಟ್ಟಿತೆಂದು ಕಂಪ್ಯೂಟರ್ ಹೇಳುತ್ತದೆ. ಮನೆಯವರಿಗೆಲ್ಲ ಸಂತೋಷ. ಏಳನೆಯ ದಿನ ‘ಕಸ್ಟಮ್ಸ್‌ಗೆ ಒಪ್ಪಿಸಲಾಗಿದೆ’ ಎಂಬ ಒಂದೇ ಸಾಲು. ಅಲ್ಲಿಂದ ಮುಂದೆ ಮೌನ. ಹತ್ತು ದಿನ, ಹದಿನೈದು ದಿನ, ಇಪ್ಪತ್ತು ದಿನ. ಹಬ್ಬ ಮುಗಿಯಿತು, ಸಾಲು ಬದಲಾಗಲಿಲ್ಲ.

ಇದು ಯಾವುದೋ ಒಂದು ಮನೆಯ ಕಥೆಯಲ್ಲ. ಹೊರದೇಶದಲ್ಲಿ ಓದುವ ಮಕ್ಕಳಿರುವ ಮನೆಗಳಲ್ಲೆಲ್ಲ ಒಂದಲ್ಲ ಒಂದು ಸಲ ನಡೆಯುವುದೇ. ಸಾವಿರಾರು ಮೈಲಿ ದೂರವನ್ನು ಒಂದು ದಿನದಲ್ಲಿ ಹಾರಿ ದಾಟಿದ ಪೆಟ್ಟಿಗೆ, ಒಂದು ಕಟ್ಟಡದೊಳಗೆ ಮೂರು ವಾರ ಏಕೆ ಕೂರುತ್ತದೆ?

ಮೊದಲು ಒಂದು ತಪ್ಪು ತಿಳಿವಳಿಕೆ ಹೋಗಬೇಕು. ಅಂಚೆ ಇಲಾಖೆ ಬೇರೆ, ಸುಂಕದ ಇಲಾಖೆ ಬೇರೆ. ಒಂದು ಸಾಗಿಸುತ್ತದೆ, ಇನ್ನೊಂದು ತಡೆದು ನೋಡುತ್ತದೆ. ಇಬ್ಬರೂ ಒಂದೇ ಸೂರಿನಡಿ ಕೆಲಸ ಮಾಡಿದರೂ ಒಬ್ಬರ ಮಾತು ಇನ್ನೊಬ್ಬರ ಮೇಲೆ ನಡೆಯುವುದಿಲ್ಲ. ನಮ್ಮ ಊರಿನ ಪೋಸ್ಟ್‌ಮಾಸ್ತರನ್ನು ಎಷ್ಟು ಗದರಿದರೂ ನ್ಯೂಯಾರ್ಕಿನ ಕಸ್ಟಮ್ಸ್ ಅಧಿಕಾರಿಯ ಮೇಜಿನ ಮೇಲಿರುವ ಪೆಟ್ಟಿಗೆ ಅಲುಗುವುದಿಲ್ಲ.

ಊರಿನಿಂದ ಹೊರಟ ಪಾರ್ಸೆಲ್ ಮೊದಲು ವಿದೇಶಿ ಅಂಚೆ ಕಚೇರಿಯೊಂದಕ್ಕೆ ಹೋಗುತ್ತದೆ. ಮುಂಬೈ, ದೆಹಲಿ, ಕೋಲ್ಕತ್ತ, ಚೆನ್ನೈಗಳಲ್ಲಿ ಇಂತಹ ಹಳೆಯ ದೊಡ್ಡ ಕಚೇರಿಗಳಿವೆ, ಬೆಂಗಳೂರಿನಲ್ಲೂ ಒಂದಿದೆ. ಅಲ್ಲಿ ನಮ್ಮ ದೇಶದ ಕಸ್ಟಮ್ಸ್‌ನವರು 1962ರ ಸುಂಕ ಕಾಯಿದೆಯ ಪ್ರಕಾರ ಹೊರಹೋಗುವ ಸರಕನ್ನು ನೋಡುತ್ತಾರೆ. ನಂತರ ಚೀಲಕ್ಕೆ ತುಂಬಿ, ಸೀಲು ಹಾಕಿ, ವಿಮಾನಕ್ಕೆ ಏರಿಸುತ್ತಾರೆ. ಅಮೆರಿಕದಲ್ಲಿ ಅದು ಇಳಿಯುವುದು ನ್ಯೂಯಾರ್ಕ್, ಷಿಕಾಗೊ, ಲಾಸ್ ಏಂಜಲಿಸ್, ಸ್ಯಾನ್‌ ಫ್ರಾನ್ಸಿಸ್ಕೊ, ಮಯಾಮಿಗಳಲ್ಲಿರುವ ಅಂತರರಾಷ್ಟ್ರೀಯ ಅಂಚೆ ಕೇಂದ್ರಗಳಲ್ಲಿ ಒಂದರಲ್ಲಿ. ಚೀಲ ಬಿಚ್ಚುವುದು, ಮತ್ತೆ ತಪಾಸಣೆ, ಆಮೇಲೆ ಬಟವಾಡೆ.

ಕಾಗದಪತ್ರಕ್ಕೆ ಈ ಗೋಜಿಲ್ಲ. 1874ರ ಅಕ್ಟೋಬರ್ 9ರಂದು ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ 22 ದೇಶಗಳು ಸೇರಿ ಮಾಡಿಕೊಂಡ ಒಪ್ಪಂದವೇ ಇಂದಿನ ವಿಶ್ವ ಅಂಚೆ ಒಕ್ಕೂಟದ ಬೇರು. ಪತ್ರಗಳ ಮಟ್ಟಿಗೆ ಎಲ್ಲ ಸದಸ್ಯ ದೇಶಗಳೂ ಸೇರಿ ಒಂದೇ ನಾಡು ಎಂಬುದು ಅದರ ಮೂಲ ತತ್ವ. ಭಾರತ 1876ರಲ್ಲಿ ಸೇರಿತು. ಆದರೆ 1880ರಲ್ಲಿ ಪ್ಯಾರಿಸ್‌ನಲ್ಲಿ ಪಾರ್ಸೆಲ್ಲಿನ ಒಪ್ಪಂದವಾದಾಗ ಸುಂಕದ ಪ್ರಶ್ನೆ ಎದುರಿಗೆ ಬಂದು ನಿಂತಿತು. ಪತ್ರದೊಳಗೆ ಇರುವುದು ಮಾತು. ಪೆಟ್ಟಿಗೆಯೊಳಗೆ ಇರುವುದು ಮಾಲು. ಮಾಲು ಎಂದ ಮೇಲೆ ಯಾವ ಸರ್ಕಾರ ಬಿಡುತ್ತದೆ?

ಪೆಟ್ಟಿಗೆಯ ಜಾತಕ

ಕೌಂಟರಿನಲ್ಲಿ ಕೊಡುವ ಸಿ.ಎನ್. 22 ಎಂಬ ಸಣ್ಣ ಫಾರಂ, ಬೆಲೆಯೂ ತೂಕವೂ ಹೆಚ್ಚಿದ್ದರೆ ಸಿ.ಎನ್. 23 ಎಂಬ ದೊಡ್ಡ ಫಾರಂ, ಇವೇ ಪಾರ್ಸೆಲ್ಲಿನ ಜಾತಕ. ಒಳಗೆ ಏನಿದೆ, ಎಷ್ಟು ತೂಕ, ಎಷ್ಟು ಬೆಲೆ, ಮಾರಾಟಕ್ಕೋ ಉಡುಗೊರೆಗೋ ಎಂಬುದನ್ನು ಕಳುಹಿಸುವವರೇ ಬರೆದು ಸಹಿ ಮಾಡಬೇಕು. ನಮ್ಮವರು ಹೆಚ್ಚಾಗಿ ಎಡವುವುದು ಇಲ್ಲಿಯೇ. ‘ಗಿಫ್ಟ್’ ಎಂದಷ್ಟೇ ಬರೆದು ಕೈತೊಳೆದುಕೊಳ್ಳುತ್ತಾರೆ. ಗಿಫ್ಟ್ ಎನ್ನುವುದು ಕಾರಣ, ವಸ್ತುವಲ್ಲ. ‘ಚಕ್ಕುಲಿ’ ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಷಿಕಾಗೊದ ಅಧಿಕಾರಿಗೆ ಏನು ಗೊತ್ತಾಗಬೇಕು? ಅಕ್ಕಿಹಿಟ್ಟಿನ ಕರಿದ ತಿಂಡಿ, ಮನೆಯಲ್ಲಿ ಮಾಡಿದ್ದು, 500 ಗ್ರಾಂ ಎಂದು ಇಂಗ್ಲಿಷಿನಲ್ಲಿ ಬಿಡಿಸಿ ಬರೆದರೆ ಆತ ಪೆಟ್ಟಿಗೆ ಕೊಯ್ಯದೆಯೇ ಮುಂದೆ ತಳ್ಳಬಹುದು. ‘ಹೋಮ್‌ಮೇಡ್ ಪೌಡರ್’ ಎಂದು ಬರೆದ ಸಾರಿನ ಪುಡಿಯಂತೂ ತೊಂದರೆಗೆ ತಾನೇ ಕೊಟ್ಟ ಆಹ್ವಾನ. ವಿಭೂತಿ, ಕುಂಕುಮಗಳ ಪಾಡೂ ಅದೇ.

ಪುಡಿ ಎಂದರೆ ಅವರಿಗೇಕೆ ಅಷ್ಟು ಭಯ? ಫೆಂಟನಿಲ್ ಎಂಬ ಮಾದಕ ದ್ರವ್ಯದ ಎರಡು ಮಿಲಿಗ್ರಾಂ, ಅಂದರೆ ಕೆಲವೇ ಉಪ್ಪಿನ ಹರಳುಗಳಷ್ಟು, ಒಬ್ಬ ಮನುಷ್ಯನ ಪ್ರಾಣ ತೆಗೆಯಬಲ್ಲದು. ಅದು ಅಂಚೆಯ ಮೂಲಕವೇ ಬರುತ್ತಿತ್ತು. ಅದನ್ನು ತಡೆಯಲು ಅಮೆರಿಕ 2018ರ ಅಕ್ಟೋಬರಿನಲ್ಲಿ ಕಾನೂನು ಮಾಡಿ, ಪಾರ್ಸೆಲ್ ಬರುವ ಮೊದಲೇ ಅದರ ವಿವರ ವಿದ್ಯುನ್ಮಾನ ರೂಪದಲ್ಲಿ ತಲುಪಬೇಕೆಂದು ಕಡ್ಡಾಯ ಮಾಡಿತು. ಯುರೋಪಿನ ಒಕ್ಕೂಟವೂ 2021ರಲ್ಲಿ ಇಂತಹುದೇ ನಿಯಮ ತಂದಿತು. ಆದ್ದರಿಂದಲೇ ಈಗ ಕೌಂಟರಿನ ಗುಮಾಸ್ತರು ಫಾರಮ್ಮಿನಲ್ಲಿದ್ದುದನ್ನು ಕಂಪ್ಯೂಟರಿಗೆ ಒಂದೊಂದಾಗಿ ಏರಿಸುತ್ತಾ ಕೂರುವುದು. ಹಿಂದೆ ನಿಂತವರು ಗೊಣಗುತ್ತಾರೆ. ಆದರೆ ಅಲ್ಲಿ ಒಂದು ಅಕ್ಷರ ತಪ್ಪಿದರೆ ಸಾಗರದಾಚೆ ಒಂದು ವಾರ ಹೋಗುತ್ತದೆ.

ಫಾರಮ್ಮಿನಲ್ಲಿ ಅಂಕಿಗೂ ಜಾಗವಿದೆ. ಜಗತ್ತಿನ ಸರಕುಗಳಿಗೆಲ್ಲ 1988ರಿಂದ ಆರಂಕಿಯ ಸಂಕೇತ ಪದ್ಧತಿಯೊಂದು ಜಾರಿಯಲ್ಲಿದೆ. ಅದರಲ್ಲಿ ನಮ್ಮ ಹಪ್ಪಳ 1905ರ ಗುಂಪಿನಲ್ಲಿ ಬ್ರೆಡ್ಡು ಬಿಸ್ಕತ್ತುಗಳ ಪಕ್ಕ ಕೂರುತ್ತದೆ. ರೇಷ್ಮೆ ಸೀರೆ 5007ಕ್ಕೆ ಸೇರುತ್ತದೆ. ಭಾಷೆ ತಿಳಿಯದ ಅಧಿಕಾರಿಗೂ ಅಂಕಿ ತಿಳಿಯುತ್ತದೆ.

ಒಂದು ಸಂಗತಿ ಅಜ್ಜಿಯರಿಗೆ ಹೆಮ್ಮೆ ತರುವಂಥದ್ದು. 2003ರ ಡಿಸೆಂಬರಿನಿಂದ ಅಮೆರಿಕಕ್ಕೆ ಬರುವ ಆಹಾರದ ಬಗ್ಗೆ ಅಲ್ಲಿನ ಆಹಾರ ಮತ್ತು ಔಷಧ ಇಲಾಖೆಗೆ ಮುಂಚಿತವಾಗಿ ಸೂಚನೆ ಕೊಡಬೇಕು. ಆದರೆ ಒಬ್ಬರು ತಮ್ಮ ಮನೆಯಲ್ಲಿ ತಾವೇ ಮಾಡಿ, ಉಡುಗೊರೆಯಾಗಿ ಕಳುಹಿಸುವ ತಿಂಡಿಗೆ ಆ ಸೂಚನೆ ಬೇಕಿಲ್ಲ. ಅಂಗಡಿಯ ಮೈಸೂರುಪಾಕಿಗೆ ಬೇಕು, ಅಜ್ಜಿ ಮಾಡಿದ ಮೈಸೂರುಪಾಕಿಗೆ ಬೇಡ!

ಕಿತ್ತಳೆ, ನೀಲಿ, ಹಸಿರು

ಅಂಚೆ ಕೇಂದ್ರದ ಎಕ್ಸ್-ರೇ ಯಂತ್ರ ಆಸ್ಪತ್ರೆಯದಕ್ಕಿಂತ ಭಿನ್ನ. ಅದು ಎರಡು ಶಕ್ತಿಮಟ್ಟದ ಕಿರಣಗಳನ್ನು ಹಾಯಿಸುತ್ತದೆ. ಕಡಿಮೆ ಶಕ್ತಿಯ ಕಿರಣ ಎಷ್ಟು ಹೀರಲ್ಪಡುತ್ತದೆ ಎಂಬುದು ವಸ್ತುವಿನ ಪರಮಾಣು ಸಂಖ್ಯೆಯನ್ನು ಬಹಳವಾಗಿ ಅವಲಂಬಿಸಿದೆ. ಹೆಚ್ಚು ಶಕ್ತಿಯದು ಮುಖ್ಯವಾಗಿ ಸಾಂದ್ರತೆಯನ್ನು. ಎರಡನ್ನೂ ಹೋಲಿಸಿ ಯಂತ್ರ ಬಣ್ಣ ಬಳಿಯುತ್ತದೆ. ಇಂಗಾಲ, ಜಲಜನಕ, ಆಮ್ಲಜನಕಗಳಿಂದಾದ ಸಾವಯವ ವಸ್ತು ಕಿತ್ತಳೆ; ಲೋಹ ನೀಲಿ; ನಡುವಿನದು ಹಸಿರು. ಚಕ್ಕುಲಿ, ಬಟ್ಟೆ, ಪುಸ್ತಕ ಎಲ್ಲವೂ ಕಿತ್ತಳೆ. ದುರದೃಷ್ಟವೆಂದರೆ ಮಾದಕ ದ್ರವ್ಯ ಮತ್ತು ಹಲವು ಸ್ಫೋಟಕಗಳೂ ಕಿತ್ತಳೆಯೇ. ಗಟ್ಟಿಯಾಗಿ ತುಂಬಿದ ಪುಡಿಯ ಪೊಟ್ಟಣವನ್ನು ಸ್ಟೀಲ್ ಡಬ್ಬದೊಳಗಿಟ್ಟರೆ ಪರದೆಯ ಮೇಲೆ ನೀಲಿ ಗೋಡೆಯ ಹಿಂದೆ ಏನೋ ಅಡಗಿಸಿಟ್ಟಂತೆ ಕಾಣುತ್ತದೆ. ಪೆಟ್ಟಿಗೆ ಪಕ್ಕಕ್ಕೆ ಹೋಗುತ್ತದೆ. ಪಕ್ಕದ ಸಾಲು ನಿಧಾನ, ಅಲ್ಲಿ ಕೈಯಿಂದ ಬಿಚ್ಚಬೇಕು. ಪಾರದರ್ಶಕ ಪ್ಲಾಸ್ಟಿಕ್ ಚೀಲದಲ್ಲಿ ತೆಳುವಾಗಿ ಹರಡಿ ಕಟ್ಟುವುದು ಮೇಲು.

ಯಂತ್ರಕ್ಕೆ ಕಾಣದ್ದು ನಾಯಿಯ ಮೂಗಿಗೆ ಸಿಗುತ್ತದೆ. ಅಮೆರಿಕದ ಕೃಷಿ ಇಲಾಖೆ 1984ರಲ್ಲಿ ಲಾಸ್ ಏಂಜಲಿಸ್ ವಿಮಾನ ನಿಲ್ದಾಣದಲ್ಲಿ ಬೀಗಲ್ ಜಾತಿಯ ನಾಯಿಗಳನ್ನು ಕೆಲಸಕ್ಕಿಟ್ಟಿತು. ಅವು ಹುಡುಕುವುದು ಬಾಂಬನ್ನಲ್ಲ. ಹಣ್ಣು, ಎಲೆ, ಬೀಜ, ಮಾಂಸಗಳನ್ನು.

ಒಂದು ಹಿಡಿ ಕರಿಬೇವಿನಿಂದ ಏನಾದೀತು ಎಂದು ಯಾರಾದರೂ ಕೇಳಬಹುದು. ಕರಿಬೇವು ನಿಂಬೆ, ಕಿತ್ತಳೆಗಳ ಕುಟುಂಬಕ್ಕೇ ಸೇರಿದ ಗಿಡ. ಅದರ ಚಿಗುರಿನಲ್ಲಿ ವಾಸಿಸುವ, ಕೆಲವೇ ಮಿಲಿಮೀಟರ್ ಉದ್ದದ ಸಿಲ್ಲಿಡ್ ಎಂಬ ಕೀಟ ಕಿತ್ತಳೆಗೆ ಗ್ರೀನಿಂಗ್ ರೋಗ ಹರಡುತ್ತದೆ. ಈ ರೋಗ 2005ರಲ್ಲಿ ಫ್ಲಾರಿಡಾದಲ್ಲಿ ಕಾಣಿಸಿಕೊಂಡಿತು. ಇಪ್ಪತ್ತು ವರ್ಷಗಳಲ್ಲಿ ಅಲ್ಲಿನ ಕಿತ್ತಳೆ ಬೆಳೆ ಶೇಕಡಾ 90ಕ್ಕಿಂತ ಹೆಚ್ಚು ಕುಸಿದಿದೆ. ನಮ್ಮ ಕೊಡಗಿನ ಕಿತ್ತಳೆ ತೋಟಗಳು ಸೊರಗಿದ್ದರಲ್ಲೂ ಈ ರೋಗದ ಪಾಲಿದೆ. ಕೊಡಗಿನ ಬೆಳೆಗಾರರಿಗೆ ಅಮೆರಿಕದವರ ಭಯ ಬೇಗ ಅರ್ಥವಾದೀತು.

ಅಕ್ಕಿಯ ಕಥೆಯೂ ಹೀಗೆಯೇ. ಖಾಪ್ರಾ ಎಂಬ ಪುಟ್ಟ ಕಾಳುಹುಳು ನಮ್ಮ ಉಪಖಂಡದ್ದು. ಅದರ ಮರಿಹುಳು ಆಹಾರವಿಲ್ಲದೆಯೂ ವರ್ಷಗಟ್ಟಲೆ ಸಂದಿಯಲ್ಲಿ ಸುಪ್ತವಾಗಿ ಬದುಕಬಲ್ಲದು. 1953ರಲ್ಲಿ ಕ್ಯಾಲಿಫೋರ್ನಿಯಾದ ಗೋದಾಮುಗಳಲ್ಲಿ ಕಂಡ ಈ ಹುಳುವನ್ನು ನಿರ್ಮೂಲ ಮಾಡಲು ಅವರಿಗೆ ಹತ್ತು ವರ್ಷಕ್ಕೂ ಹೆಚ್ಚು ಬೇಕಾಯಿತು. ಖಾಪ್ರಾ ಇರುವ ದೇಶಗಳಿಂದ ಮನೆಬಳಕೆಯ ಅಕ್ಕಿ ಅಂಚೆಯಲ್ಲಿ ಬರುವುದನ್ನು 2011ರಲ್ಲಿ ಅವರು ನಿಷೇಧಿಸಿದರು.

ಇನ್ನು ತಿಪಟೂರಿನ ಕೊಬ್ಬರಿ. ಇಡೀ ಗಿಟುಕು ಕೊಬ್ಬರಿ ವಿಮಾನಯಾನದ ನಿಯಮಗಳಲ್ಲಿ ಅಪಾಯಕಾರಿ ವಸ್ತು ಎಂದರೆ ನಗು ಬರುತ್ತದೆ. ಆದರೆ ವಿಜ್ಞಾನ ಸರಿಯಾಗಿದೆ. ಕೊಬ್ಬರಿಯ ಎಣ್ಣೆ ಗಾಳಿಯ ಆಮ್ಲಜನಕದೊಡನೆ ನಿಧಾನವಾಗಿ ವರ್ತಿಸಿ ಶಾಖ ಬಿಡುತ್ತದೆ. ರಾಶಿ ಬಿದ್ದಲ್ಲಿ ಆ ಶಾಖ ಹೊರಹೋಗಲಾರದೆ ಏರುತ್ತಾ ಹೋಗಿ ತಾನೇ ಹೊತ್ತಿಕೊಳ್ಳಬಹುದು. ವಿಶ್ವಸಂಸ್ಥೆಯ ಅಪಾಯಕಾರಿ ವಸ್ತುಗಳ ಪಟ್ಟಿಯಲ್ಲಿ ಅದರ ಸಂಖ್ಯೆ 1363. ಗಸಗಸೆಯನ್ನು ದುಬೈ, ಸಿಂಗಪುರಗಳಿಗೆ ಕಳುಹಿಸುವುದಂತೂ ಬೇಡವೇ ಬೇಡ. ಅಫೀಮು ಗಿಡದ ಬೀಜವಾದ್ದರಿಂದ ಅಲ್ಲಿ ಅದು ನಿಷಿದ್ಧ. ಪಾಯಸದ ಆಸೆ ಜೈಲಿಗೆ ಮುಟ್ಟಿಸಬಹುದು. ಯುರೋಪಿನ ಒಕ್ಕೂಟದ ದೇಶಗಳು ಮನೆಯ ತುಪ್ಪವನ್ನು ಒಳಗೆ ಬಿಡುವುದಿಲ್ಲ.

ಮೌನದ ಲೆಕ್ಕ

ಏನೂ ತಪ್ಪಿಲ್ಲದ ಪಾರ್ಸೆಲ್ಲೂ ತಡವಾಗುವುದೇಕೆ? ಅದಕ್ಕೆ ಸರಳ ಲೆಕ್ಕ ಸಾಕು. ಒಂದು ಕೇಂದ್ರ ದಿನಕ್ಕೆ 1,000 ಚೀಲ ನೋಡಬಲ್ಲದು, ಬರುವುದು 900 ಎಂದಿಟ್ಟುಕೊಳ್ಳಿ. ತೊಂದರೆಯಿಲ್ಲ. ಕ್ರಿಸ್‌ಮಸ್ ಸಮಯದ ಹತ್ತು ದಿನ 1,200 ಬಂದವು. ದಿನಕ್ಕೆ 200ರಂತೆ 2,000 ಚೀಲ ಉಳಿಯಿತು. ಹಬ್ಬ ಮುಗಿದು ಮತ್ತೆ 900 ಬರತೊಡಗಿದಾಗ ದಿನಕ್ಕೆ ಕರಗುವುದು 100 ಮಾತ್ರ. ಹತ್ತು ದಿನದ ನೂಕುನುಗ್ಗಲು ತೀರಲು ಇಪ್ಪತ್ತು ದಿನ ಬೇಕು! ಡಿಸೆಂಬರಿನಲ್ಲಿ ಕಳುಹಿಸಿದ್ದು ಸಂಕ್ರಾಂತಿಗೆ ಮುಟ್ಟುವುದರ ಗುಟ್ಟು ಇದೇ. ಈ ಅವಧಿಯಲ್ಲಿ ಪಾರ್ಸೆಲ್ ಅಂಚೆಯವರ ಕೈಯಲ್ಲಿ ಇಲ್ಲದ್ದರಿಂದ ಹೊಸ ಸಾಲು ದಾಖಲಾಗುವುದೂ ಇಲ್ಲ. ಮೌನವೆಂದರೆ ಕಳೆದುಹೋಯಿತು ಎಂದಲ್ಲ.

ಸಂಖ್ಯೆಯನ್ನೇ ತಪ್ಪಾಗಿ ಬರೆದುಕೊಂಡು ಗಾಬರಿಯಾಗುವವರೂ ಉಂಟು. ಅದನ್ನು ವಿದ್ಯಾರ್ಥಿಗಳೇ ಪರೀಕ್ಷಿಸಬಹುದು. ಎರಡು ಅಕ್ಷರ, ಒಂಬತ್ತು ಅಂಕಿ, ಮತ್ತೆ ದೇಶ ಸೂಚಿಸುವ ಎರಡು ಅಕ್ಷರ, ಒಟ್ಟು ಹದಿಮೂರು. ಒಂಬತ್ತನೆಯ ಅಂಕಿ ಕಾವಲುಗಾರ. ಮೊದಲ ಎಂಟು ಅಂಕಿಗಳನ್ನು ಕ್ರಮವಾಗಿ 8, 6, 4, 2, 3, 5, 9, 7ರಿಂದ ಗುಣಿಸಿ ಕೂಡಿಸಿ, 11ರಿಂದ ಭಾಗಿಸಿ, ಶೇಷವನ್ನು 11ರಿಂದ ಕಳೆಯಬೇಕು. 12345678ಕ್ಕೆ ಮೊತ್ತ 204, ಶೇಷ 6. 11ರಲ್ಲಿ 6 ಹೋದರೆ 5. ಆದ್ದರಿಂದ ಸಂಖ್ಯೆ 123456785 ಎಂದೇ ಇರಬೇಕು. ಉತ್ತರ 10 ಬಂದರೆ 0, 11 ಬಂದರೆ 5 ಎಂದು ಬರೆಯುತ್ತಾರೆ. ರಸೀದಿಯೊಂದನ್ನು ಹಿಡಿದು ಕೂತರೆ ಐದು ನಿಮಿಷದ ಕೆಲಸ.

ಎರಡು ತಿಂಗಳು ಬಾಗಿಲು ಮುಚ್ಚಿದಾಗ

ಅಮೆರಿಕದಲ್ಲಿ 2016ರಿಂದ 800 ಡಾಲರ್‌ವರೆಗಿನ ಸರಕಿಗೆ ಸುಂಕವಿರಲಿಲ್ಲ. 2025ರ ಆಗಸ್ಟ್ 29ರಿಂದ ಈ ವಿನಾಯಿತಿ ಎಲ್ಲ ದೇಶಗಳಿಗೂ ರದ್ದಾಯಿತು. ನೂರು ಡಾಲರ್ ಒಳಗಿನ ಉಡುಗೊರೆಗೆ ರಿಯಾಯಿತಿ ಉಳಿಯಿತಾದರೂ, ಉಳಿದ ಸುಂಕವನ್ನು ಯಾರು ವಸೂಲು ಮಾಡಬೇಕು, ಹೇಗೆ ಕಟ್ಟಬೇಕು ಎಂಬುದೇ ಸ್ಪಷ್ಟವಿರಲಿಲ್ಲ. ವಿಮಾನ ಸಂಸ್ಥೆಗಳು ಅಂಚೆ ಚೀಲ ಒಯ್ಯಲು ಹಿಂಜರಿದವು. ಭಾರತೀಯ ಅಂಚೆ ಆಗಸ್ಟ್ 25ರಿಂದ ಬಹುತೇಕ ವಸ್ತುಗಳ ಬುಕಿಂಗ್ ನಿಲ್ಲಿಸಿತು. ತಿಂಗಳ ಕೊನೆಗೆ ಪತ್ರ, ಸಣ್ಣ ಉಡುಗೊರೆಗಳೂ ನಿಂತವು. ಭಾರತ ಮಾತ್ರವಲ್ಲ, 88 ಅಂಚೆ ಸಂಸ್ಥೆಗಳು ಸೇವೆಯನ್ನು ಪೂರ್ತಿಯಾಗಿಯೋ ಭಾಗಶಃವೋ ನಿಲ್ಲಿಸಿದ್ದವೆಂದು ವಿಶ್ವ ಅಂಚೆ ಒಕ್ಕೂಟ ತಿಳಿಸಿತು. ಆಗಸ್ಟ್ 29ರಂದು ಅಮೆರಿಕದತ್ತ ಹೊರಟ ಅಂಚೆ, ಒಂದು ವಾರದ ಹಿಂದಿನದಕ್ಕಿಂತ ಶೇಕಡಾ 81ರಷ್ಟು ಕಡಿಮೆ. ಲೆಕ್ಕಪತ್ರದ ವ್ಯವಸ್ಥೆ ಮಾಡದೆ ನಿಯಮ ತಂದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕಿಲ್ಲ.

ಆ ವರ್ಷ ಗಣೇಶನ ಹಬ್ಬ ಆಗಸ್ಟ್ 27ಕ್ಕೆ, ವಿಜಯದಶಮಿ ಅಕ್ಟೋಬರ್ 2ಕ್ಕೆ. ಎರಡೂ ಮುಚ್ಚಿದ ಬಾಗಿಲಿನ ಹಿಂದೆಯೇ ಕಳೆದವು. ಸೇವೆ ಮತ್ತೆ ಆರಂಭವಾದದ್ದು ಅಕ್ಟೋಬರ್ 15ರಂದು. ನರಕ ಚತುರ್ದಶಿಗೆ ಐದೇ ದಿನ ಉಳಿದಿತ್ತು. ಆಗ ಭಾರತದ ಸರಕಿಗೆ ಘೋಷಿತ ಬೆಲೆಯ ಶೇಕಡಾ 50 ಸುಂಕವನ್ನು ಇಲ್ಲಿಯ ಕೌಂಟರಿನಲ್ಲೇ ಮುಂಗಡ ಕಟ್ಟುವ ಏರ್ಪಾಡಾಯಿತು. ಇಂತಹ ದರಗಳು ಬದಲಾಗುತ್ತಲೇ ಇರುವುದರಿಂದ ಪಾರ್ಸೆಲ್ ಕಟ್ಟುವ ಮೊದಲು ಒಮ್ಮೆ ಅಂಚೆ ಕಚೇರಿಯಲ್ಲಿ ಕೇಳಿಕೊಂಡು ಬರುವುದು ಒಳ್ಳೆಯದು.

ನಮ್ಮ ದೇಶವೇನೂ ಉದಾರಿಯಲ್ಲ. ಹೊರಗಿನಿಂದ ಅಂಚೆಯಲ್ಲಿ ಬರುತ್ತಿದ್ದ 5,000 ರೂಪಾಯಿವರೆಗಿನ ಉಡುಗೊರೆಗಿದ್ದ ಸುಂಕದ ವಿನಾಯಿತಿ 2019ರ ಡಿಸೆಂಬರಿನಲ್ಲಿ ಕೊನೆಯಾಯಿತು. ಉಳಿದದ್ದು ರಾಖಿ ಮತ್ತು ಜೀವರಕ್ಷಕ ಔಷಧಕ್ಕೆ ಮಾತ್ರ. ಮಗಳು ಅಲ್ಲಿಂದ ಅಪ್ಪನಿಗೆ ಕಳುಹಿಸಿದ ಕೈಗಡಿಯಾರಕ್ಕೆ ಪೋಸ್ಟ್‌ಮ್ಯಾನ್ ಸುಂಕ ಕೇಳಿದರೆ ಆತನೊಡನೆ ಜಗಳ ಬೇಡ.

ಬೆಲೆ ಕಡಿಮೆ ತೋರಿಸುವ ಉಪಾಯವನ್ನು ಕೆಲವರು ಹೇಳಿಕೊಡುತ್ತಾರೆ. ಅದು ಎರಡು ಕಡೆ ಕೊಯ್ಯುತ್ತದೆ. ಅಧಿಕಾರಿಗೆ ಅನುಮಾನ ಬಂದರೆ ಪಾರ್ಸೆಲ್ ನಿಲ್ಲುತ್ತದೆ. ಕಳೆದುಹೋದರೆ ಪರಿಹಾರವೂ ಆ ಸುಳ್ಳು ಬೆಲೆಗೇ. ನಿಷಿದ್ಧ ವಸ್ತುವಿಗಾಗಿ ಕಸ್ಟಮ್ಸ್ ಮುಟ್ಟುಗೋಲು ಹಾಕಿಕೊಂಡದ್ದಕ್ಕೆ ಪರಿಹಾರವೇ ಇಲ್ಲ. ಪೆಟ್ಟಿಗೆಯೊಳಗೆ ವಿಳಾಸ ಮತ್ತು ಪಟ್ಟಿಯ ಇನ್ನೊಂದು ಪ್ರತಿ ಇಟ್ಟರೆ ಹೊರಗಿನ ಚೀಟಿ ಕಿತ್ತುಹೋದರೂ ದಾರಿ ತಪ್ಪದು. ಬಟವಾಡೆಯಾಗದಿದ್ದರೆ ಹಿಂದಕ್ಕೆ ಕಳುಹಿಸಬೇಕೋ, ಬಿಟ್ಟುಬಿಡಬೇಕೋ ಎಂಬ ಪ್ರಶ್ನೆ ದೊಡ್ಡ ಫಾರಮ್ಮಿನಲ್ಲಿದೆ. ಅನೇಕರು ಅದನ್ನು ಓದುವುದೇ ಇಲ್ಲ. ಕಳುಹಿಸಿದವರು ವಿಚಾರಣೆಗೆ ಅರ್ಜಿ ಕೊಡಲು ಆರು ತಿಂಗಳ ಕಾಲಾವಕಾಶವಿದೆ. ಅರ್ಜಿ ಕೊಡಬೇಕಾದದ್ದು ಪಾರ್ಸೆಲ್ ಪಡೆಯುವ ಮಗನಲ್ಲ, ರಸೀದಿ ಜೇಬಿಗೆ ಹಾಕಿಕೊಂಡ ತಂದೆ. ಆ ಅಂಗಿ ಒಗೆಯಲು ಹೋಗುವ ಮೊದಲು ರಸೀದಿಯನ್ನು ತೆಗೆದಿಟ್ಟಿರಬೇಕು, ಅಷ್ಟೆ.