ಮೀನಿನ ಹುಣ್ಣಿಗೆ ನೀರೊಂದೇ ಕಾರಣವೇ?

ಕೆರೆಯಲ್ಲೋ ಹೊಳೆಯಲ್ಲೋ ಗಾಳಕ್ಕೆ ಸಿಕ್ಕ ಮೀನಿನ ಪಕ್ಕೆಯಲ್ಲಿ ಕೆಂಪಗೆ ಬಾಯ್ತೆರೆದ ಹುಣ್ಣು ಕಂಡರೆ ಹಿಡಿದವರು ಮೊದಲು ಹೇಳುವ ಮಾತು ‘ನೀರು ವಿಷವಾಗಿದೆ’ ಎಂದು. ಕಾರ್ಖಾನೆಯ ಕೊಳಚೆ, ಹೊಲಗದ್ದೆಯ ಕೀಟನಾಶಕ, ಊರಿನ ಚರಂಡಿ ಎಲ್ಲವೂ ಕಣ್ಣೆದುರೇ ಇರುವಾಗ ಈ ಅನುಮಾನ ಸಹಜ. ಆದರೆ ಸಿಹಿನೀರಿನ ಮೀನುಗಳ ಸಾಂಕ್ರಾಮಿಕ ಹುಣ್ಣುರೋಗದ ಬಗ್ಗೆ ಅರ್ಧ ಶತಮಾನದಿಂದ ನಡೆದಿರುವ ಅಧ್ಯಯನಗಳು ವಿಷಯ ಅಷ್ಟು ಸರಳವಲ್ಲ ಎಂದು ತೋರಿಸಿಕೊಟ್ಟಿವೆ. ಈ ರೋಗ ಏಳಬೇಕಾದರೆ ರೋಗಾಣು, ಘಾಸಿಗೊಂಡ ಚರ್ಮ, ಮೀನಿಗೆ ಒಗ್ಗದ ನೀರು ಮೂರೂ ಒಂದೆಡೆ ಸೇರಬೇಕು. ರೋಗಾಣುವನ್ನು ನೀರಿನಿಂದ ನೀರಿಗೆ ಸಾಗಿಸುವುದರಲ್ಲಿ ಮನುಷ್ಯರ ಪಾಲೂ ಇದೆ. ಮೀನಿನ ಚರ್ಮವನ್ನು ಘಾಸಿಗೊಳಿಸುವುದರಲ್ಲಿ ಗಾಳ, ಬಲೆಗಳ ಪಾಲೂ ಇದೆ. ಹಾಗಾಗಿ ಹುಣ್ಣಾದ ಮೀನು ಸಿಕ್ಕಾಗ ನೀರನ್ನು ಬೈದು, ಮೀನನ್ನು ವಾಪಸ್ ಎಸೆದು ಹೋದರೆ ಸಾಲದು. ರೋಗ ತಡೆಯುವ ಕೆಲಸ ಅದನ್ನು ಹಿಡಿದವರಿಂದಲೇ ಶುರುವಾಗಬೇಕು.

ಈ ರೋಗ ನಡೆದು ಬಂದ ದಾರಿಯನ್ನೇ ನೋಡಿ. 1971ರಲ್ಲಿ ಜಪಾನಿನ ಓಯಿಟಾ ಪ್ರಾಂತ್ಯದಲ್ಲಿ ಸಾಕಿದ ಆಯು ಮೀನುಗಳಲ್ಲಿ ಇದು ಮೊದಲು ಪತ್ತೆಯಾಯಿತು. ಮರುವರ್ಷ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಅಳಿವೆ ಮೀನುಗಳಲ್ಲಿ ಕಾಣಿಸಿಕೊಂಡಿತು. ಅಲ್ಲಿಂದ ಮುಂದೆ ಆಗ್ನೇಯ ಏಷ್ಯಾದ ದೇಶಗಳನ್ನು ಒಂದೊಂದಾಗಿ ಹಾದು 1988ರಲ್ಲಿ ಬಾಂಗ್ಲಾದೇಶಕ್ಕೂ, ಅದೇ ವರ್ಷ ನಮ್ಮ ಈಶಾನ್ಯ ರಾಜ್ಯಗಳಿಗೂ ಬಂತು. 1990ರ ದಶಕದ ಆರಂಭದ ಹೊತ್ತಿಗೆ ಕರ್ನಾಟಕ, ಕೇರಳಗಳ ಹಿನ್ನೀರು, ಹೊಳೆ, ಕೆರೆಗಳನ್ನು ಮುಟ್ಟಿತ್ತು. 1996ರಲ್ಲಿ ಪಾಕಿಸ್ತಾನ, ಅದಾಗಿ ಹತ್ತು ವರ್ಷಕ್ಕೆ ಆಫ್ರಿಕಾದ ಚೋಬೆ ಮತ್ತು ಜಾಂಬೆಜಿ ನದಿಗಳು. ನೀರಿನ ಮಾಲಿನ್ಯವೇ ಮೂಲ ಕಾರಣವಾಗಿದ್ದರೆ ರೋಗ ಹೀಗೆ ನೆರೆಯಿಂದ ನೆರೆಗೆ ಸಾಲುಹಿಡಿದು ಸಾಗಬೇಕಾಗಿರಲಿಲ್ಲ; ಎಲ್ಲೆಲ್ಲಿ ಕೊಳಚೆ ಇದೆಯೋ ಅಲ್ಲಲ್ಲಿ ತನ್ನಷ್ಟಕ್ಕೆ ಏಳಬೇಕಿತ್ತು. ಬೇರೆ ಬೇರೆ ದೇಶಗಳ ಹುಣ್ಣುಗಳಿಂದ ಬೇರ್ಪಡಿಸಿದ ರೋಗಾಣುಗಳ ಡಿಎನ್‌ಎ ಹೋಲಿಸಿದಾಗ ಅವು ಹೆಚ್ಚುಕಡಿಮೆ ಒಂದೇ ತಳಿಯವು ಎಂದು ಗೊತ್ತಾಯಿತು. ಒಂದೇ ತಳಿ ಅಷ್ಟು ದೂರ, ಅಷ್ಟು ಬೇಗ ಹರಡಿದೆಯೆಂದರೆ ಅದನ್ನು ಯಾರೋ, ಯಾವುದೋ ಹೊತ್ತು ತಂದಿರಬೇಕು. ಸೋಂಕಿದ ಮೀನುಮರಿ, ಜೀವಂತ ಮೀನಿನ ಸಾಗಾಟ, ಪ್ರವಾಹದ ನೀರು, ಒದ್ದೆ ಬಲೆ ಇವೆಲ್ಲ ಅದಕ್ಕೆ ವಾಹನಗಳು.

ಆ ರೋಗಾಣುವಿನ ಹೆಸರು ಅಫನೋಮೈಸಿಸ್ ಇನ್ವಾಡನ್ಸ್. ನೋಡಲು ಶಿಲೀಂಧ್ರದಂತೆ ಎಳೆಎಳೆಯಾಗಿ ಬೆಳೆದರೂ ಇದು ನಿಜವಾದ ಶಿಲೀಂಧ್ರವಲ್ಲ, ಊಮೈಸೀಟ್ ಎಂಬ ನೀರಬೂಷ್ಟಿನ ಗುಂಪಿಗೆ ಸೇರಿದ್ದು. ಮಲೆನಾಡು, ಕರಾವಳಿಯ ಅಡಿಕೆ ಬೆಳೆಗಾರರ ನಿದ್ದೆಗೆಡಿಸುವ ಕೊಳೆರೋಗದ ಫೈಟಾಫ್ತೊರಾ ಕೂಡ ಇದೇ ಗುಂಪಿನದು. ಎರಡೂ ನೀರಲ್ಲಿ ಈಜಬಲ್ಲ ಬೀಜಕಗಳನ್ನು ಹೊರಬಿಡುತ್ತವೆ. ಅಫನೋಮೈಸಿಸ್‌ನ ಬೀಜಕ ಎರಡು ಸೂಕ್ಷ್ಮ ಎಳೆಗಳನ್ನು ಬಡಿಯುತ್ತ ಮೀನಿನ ಚರ್ಮವನ್ನು ಅರಸಿ ಹೋಗುತ್ತದೆ, ಲೋಳೆ ಸವೆದ ಜಾಗ ಸಿಕ್ಕಿದರೆ ಅಲ್ಲಿ ಅಂಟಿಕೊಂಡು ಮೊಳೆಯುತ್ತದೆ. ಮೊದಲು ಕಾಣುವುದು ಸೂಜಿಮೊನೆಯಷ್ಟು ಕೆಂಪು ಚುಕ್ಕೆ. ಬಳಿಕ ಅಲ್ಲಿಯ ಹುರುಪೆ ಉದುರಿ, ಚರ್ಮ ಕೊಳೆತು, ಕೆಳಗಿನ ಮಾಂಸ ಹೊರಗೆ ಕಾಣುತ್ತದೆ. ಕೊರವ ಮೀನಿನಲ್ಲಂತೂ ಕೆಲವೊಮ್ಮೆ ತಲೆಯ ಮೂಳೆಯವರೆಗೂ ತಿಂದುಹಾಕಿರುತ್ತದೆ. ಆಗಲೂ ಮೀನು ಉಸಿರಾಡುತ್ತಲೇ ಇರುತ್ತದೆ. ಹುಣ್ಣಿನಡಿಯ ಮಾಂಸದ ಚೂರೊಂದನ್ನು ಎರಡು ಗಾಜಿನ ಪಟ್ಟಿಗಳ ನಡುವೆ ಒತ್ತಿ ಸೂಕ್ಷ್ಮದರ್ಶಕದಡಿ ಇಟ್ಟರೆ ಅಡ್ಡಗೋಡೆಗಳಿಲ್ಲದ ದಪ್ಪ ಎಳೆಗಳು ಸ್ನಾಯುವನ್ನು ಸೀಳಿಕೊಂಡು ಒಳಗೆ ಇಳಿದಿರುವುದೂ, ಅವನ್ನು ಸುತ್ತುಗಟ್ಟಿ ತಡೆಯಲು ಮೀನಿನ ರಕ್ಷಣಾ ಕೋಶಗಳು ಮುತ್ತಿರುವುದೂ ಕಾಣುತ್ತದೆ. ರೋಗದ ಗುರುತು ಸಿಗುವುದು ಇಲ್ಲಿ. ಹೊರಗಿನ ಹುಣ್ಣನ್ನು ಮಾತ್ರ ನೋಡಿದರೆ ತೀರ್ಮಾನಕ್ಕೆ ಬರಲಾಗದು.

ಹೊರಗಿಂದ ನೋಡಿ ತೀರ್ಪು ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಚೆಸಪೀಕ್ ಕೊಲ್ಲಿಯ ಪ್ರಸಂಗ ಸಾಕ್ಷಿ. 1997ರಲ್ಲಿ ಆ ಕೊಲ್ಲಿಗೆ ಸೇರುವ ನದಿಗಳಲ್ಲಿ ಮೆನ್‌ಹೇಡನ್ ಮೀನುಗಳ ಮೈಯಲ್ಲಿ ಆಳವಾದ ಹುಣ್ಣುಗಳು ಕಂಡವು. ಫಿಸ್ಟೀರಿಯಾ ಎಂಬ ಸೂಕ್ಷ್ಮಜೀವಿಯ ವಿಷವೇ ಕಾರಣವೆಂಬ ಸುದ್ದಿ ಹಬ್ಬಿ, ನದಿಯ ಭಾಗಗಳನ್ನು ಮುಚ್ಚಲಾಯಿತು. ಜನ ಮೀನು ಕೊಳ್ಳುವುದನ್ನೇ ಬಿಟ್ಟರು. ಮುಂದೆ ಆ ಹುಣ್ಣುಗಳನ್ನು ಕೊಯ್ದು ನೋಡಿದಾಗ ಒಳಗಿದ್ದದ್ದು ಅಫನೋಮೈಸಿಸ್‌ನ ಎಳೆಗಳು. 2002ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಈ ಬೀಜಕಗಳಿರುವ ನೀರಿನಲ್ಲಿ ಬಿಟ್ಟ ಮೆನ್‌ಹೇಡನ್‌ಗಳಲ್ಲಿ ಅಂಥದೇ ಹುಣ್ಣುಗಳು ಎದ್ದವು.

ಹಾಗಾದರೆ ಮಾಲಿನ್ಯ ನಿರಪರಾಧಿಯೇ ಎಂದು ಕೇಳಬಹುದು. ಖಂಡಿತ ಅಲ್ಲ. ಆಸ್ಟ್ರೇಲಿಯಾದ ರಿಚ್‌ಮಂಡ್ ನದಿಯಲ್ಲಿ ನಡೆದ ಅಧ್ಯಯನ ಇದನ್ನು ಚೆನ್ನಾಗಿ ಬಿಡಿಸಿ ಹೇಳಿದೆ. ಅಲ್ಲಿ ಜೌಗುನೆಲಗಳಿಗೆ ಕಾಲುವೆ ತೋಡಿ ನೀರು ಬಸಿದಾಗ ಮಣ್ಣಿನೊಳಗಿನ ಗಂಧಕದ ಖನಿಜ ಗಾಳಿಗೆ ತೆರೆದುಕೊಂಡು ಆಮ್ಲವಾಯಿತು. ಜೋರು ಮಳೆಗೆ ಆ ಆಮ್ಲವೂ ಅದು ಕರಗಿಸಿದ ಅಲ್ಯೂಮಿನಿಯಂ ಕೂಡ ನದಿಗೆ ಹರಿದು ಮೀನಿನ ಚರ್ಮವನ್ನು ಸುಟ್ಟವು. ಬೀಜಕಕ್ಕೆ ಬೇಕಾಗಿದ್ದದ್ದು ಅದೇ. ಬರೀ ಆಮ್ಲದಿಂದ ಚರ್ಮ ಹಾಳಾಗುತ್ತದೆ, ಈ ರೋಗದ ಹುಣ್ಣು ಬರುವುದಿಲ್ಲ. ಬರೀ ಬೀಜಕ ಇದ್ದರೂ ಗಟ್ಟಿ ಚರ್ಮದ ಮೀನು ಬಹುಮಟ್ಟಿಗೆ ಉಳಿದುಕೊಳ್ಳುತ್ತದೆ. ತಂಪಿನ ಪಾತ್ರವೂ ದೊಡ್ಡದು. ನೀರಿನ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಇಳಿದಾಗ ಮೀನಿನ ರೋಗನಿರೋಧಕ ಶಕ್ತಿ ಕುಗ್ಗುತ್ತದೆ, ಬೂಷ್ಟು ಮಾತ್ರ ಬೆಳೆಯುತ್ತಲೇ ಇರುತ್ತದೆ. ನಮ್ಮಲ್ಲಿ ಮಳೆಗಾಲ ಮುಗಿದು ಚಳಿ ಹಿಡಿಯುವ ತಿಂಗಳುಗಳಲ್ಲಿ ರೋಗ ಹೆಚ್ಚುವುದು ಇದಕ್ಕೇ. ನೀರನ್ನು ಕೆಡಿಸುವವರನ್ನು ತಡೆಯಲೇಬೇಕು, ಆದರೆ ಅದೊಂದರಿಂದಲೇ ಹುಣ್ಣು ನಿಲ್ಲುತ್ತದೆಂಬ ಭರವಸೆ ಬೇಡ.

ಬೇಸಿಗೆ ಬಂದಾಗ ಹಲವು ಮೀನುಗಳ ಹುಣ್ಣು ಮಾಯುತ್ತದೆ, ಪ್ರಕೃತಿಯೇ ನೋಡಿಕೊಳ್ಳುತ್ತದೆ, ಇಷ್ಟು ಗಾಬರಿ ಏಕೆ ಎಂಬ ವಾದವೂ ಇದೆ. ಮಾಯುವುದು ನಿಜ. ಸಾಮಾನ್ಯ ಗೆಂಡೆ, ಜಿಲೇಬಿ ಮೀನುಗಳಿಗೆ ಈ ರೋಗ ತಗಲುವುದೇ ಅಪರೂಪ. ಆದರೆ ನೂರಕ್ಕೂ ಹೆಚ್ಚು ಜಾತಿಗಳಿಗೆ ಇದು ತಗಲುತ್ತದೆ. ಹೊಸ ನದಿಗೆ ಮೊದಲ ಸಲ ಕಾಲಿಟ್ಟಾಗ ಕೊರವ, ಪುಂಟಿಯಸ್‌ನಂಥ ಸ್ಥಳೀಯ ಮೀನುಗಳು ರಾಶಿರಾಶಿಯಾಗಿ ಸಾಯುತ್ತವೆ. ಸಾಕಣೆ ಹೊಂಡಕ್ಕೆ ಸುಣ್ಣ ಹಾಕಬಹುದು, ಭುವನೇಶ್ವರದ ಸಿಹಿನೀರು ಮೀನುಕೃಷಿ ಸಂಸ್ಥೆ ರೂಪಿಸಿದ ಸಿಫಾಕ್ಸ್ ಔಷಧ ಬಳಸಬಹುದು. ಹರಿಯುವ ಹೊಳೆಗೆ ಇಂಥ ಯಾವ ಚಿಕಿತ್ಸೆಯೂ ಇಲ್ಲ. ಅಲ್ಲಿ ರೋಗ ಬಾರದಂತೆ ನೋಡಿಕೊಳ್ಳುವುದೊಂದೇ ದಾರಿ. ಹುಣ್ಣಾದ ಮೀನನ್ನು ಮರುಕದಿಂದ ನೀರಿಗೆ ಬಿಡುವವರು ಇದನ್ನು ನೆನಪಿಡಬೇಕು: ಆ ಮೀನಿನಿಂದ ಬೀಜಕಗಳು ಹೊರಬೀಳುತ್ತವೆ, ಮಿಕ್ಕ ಮೀನುಗಳಿಗೆ ಅದು ಉಪಕಾರವಲ್ಲ. ಇನ್ನು ತಿನ್ನುವ ಭಯದ ಮಾತು. 37 ಡಿಗ್ರಿಯಲ್ಲಿ ಈ ಬೂಷ್ಟು ಬೆಳೆಯುವುದಿಲ್ಲ, ಮನುಷ್ಯರಿಗೆ ತಗಲುವುದಿಲ್ಲ. ಆದರೆ ಹುಣ್ಣಿನೊಳಗೆ ಸೇರಿಕೊಳ್ಳುವ ಏರೋಮೊನಾಸ್ ಬ್ಯಾಕ್ಟೀರಿಯಾ ಕೈಯ ಗಾಯದ ಮೂಲಕ ಸೋಂಕು ತರಬಲ್ಲದು. ಹುಣ್ಣಾದ ಮೀನನ್ನು ತಿನ್ನಬೇಡಿ. ಅದೇ ನೀರಿನ ಆರೋಗ್ಯವಂತ ಮೀನನ್ನು ರೋಗದ ಹೆದರಿಕೆಯಿಂದ ದೂರ ಇಡಬೇಕಾಗಿಲ್ಲ, ಚೆನ್ನಾಗಿ ಬೇಯಿಸಿ ತಿನ್ನಬಹುದು.

ಹುಣ್ಣೆಲ್ಲವೂ ಇದೇ ರೋಗವಲ್ಲ. ನೀರುಕಾಗೆಯ ಕೊಕ್ಕಿನ ಗಾಯ, ಮೀನುಹೇನು ಕಚ್ಚಿದ ಗುರುತು, ಹಳೆಯ ಗಾಳದ ಗಾಯ ಕೂಡ ಹೀಗೇ ಕಾಣಬಹುದು. ಅದನ್ನು ಬಿಡಿಸಿ ಹೇಳಬೇಕಾದದ್ದು ಪ್ರಯೋಗಾಲಯ. ಮಂಗಳೂರಿನ ಮೀನುಗಾರಿಕೆ ಕಾಲೇಜಿನ ವಿಜ್ಞಾನಿಗಳು ಈ ಬೂಷ್ಟನ್ನು ಗುರುತಿಸಬಲ್ಲ ಪ್ರತಿಕಾಯಗಳನ್ನೇ ತಯಾರಿಸಿದ್ದಾರೆ. ಆದರೆ ಪ್ರಯೋಗಾಲಯಕ್ಕೆ ಸುದ್ದಿ ಮುಟ್ಟಿಸಬೇಕಾದವರು ನೀರಿನ ಬಳಿ ಇರುವವರು. ಒಂದೇ ನೀರಲ್ಲಿ ಹಲವು ಮೀನುಗಳ ಮೈಮೇಲೆ ಹುಣ್ಣು ಕಂಡರೆ ಜಾಗ, ದಿನ, ಮೀನಿನ ಜಾತಿ ಬರೆದಿಟ್ಟು ಫೋಟೊ ಸಮೇತ ತಾಲ್ಲೂಕಿನ ಮೀನುಗಾರಿಕೆ ಇಲಾಖೆ ಕಚೇರಿಗೆ ತಿಳಿಸಿ. ಸತ್ತ ಮೀನನ್ನು ನೀರಿಗೆ ಎಸೆಯದೆ ದೂರದಲ್ಲಿ ಸುಣ್ಣ ಹಾಕಿ ಹೂಳಿ. ಗಾಳ, ಬಲೆ, ಬುಟ್ಟಿಗಳನ್ನು ತೊಳೆದು ಬಿಸಿಲಿಗೆ ಪೂರ್ತಿ ಒಣಗಿಸದೆ ಇನ್ನೊಂದು ಕೆರೆಗೆ ಇಳಿಸಬೇಡಿ. ಒಂದು ಕೆರೆಯ ಮೀನನ್ನಾಗಲಿ ನೀರನ್ನಾಗಲಿ ಮತ್ತೊಂದಕ್ಕೆ ಸುರಿಯಬೇಡಿ. ವಾಪಸ್ ಬಿಡುವ ಆರೋಗ್ಯವಂತ ಮೀನನ್ನು ಲೋಳೆ ಹೋಗದಂತೆ ಒದ್ದೆ ಕೈಯಲ್ಲೇ ಹಿಡಿಯಿರಿ.