ಘಾಟಿ ಏರುವಾಗ ಕುದಿಯುವ ಪೆಟ್ರೋಲು

‘ಬೆಳಿಗ್ಗೆ ಉಜಿರೆಯಲ್ಲಿ ಒಂದೇ ಸಲಕ್ಕೆ ಸ್ಟಾರ್ಟ್ ಆಗುವ ಅಪ್ಪನ ಪ್ರೀಮಿಯರ್ ಪದ್ಮಿನಿ, ಚಾರ್ಮಾಡಿ ಘಾಟಿಯ ಅರ್ಧಕ್ಕೆ ಬರುತ್ತಲೇ ಮುಗ್ಗರಿಸಿ ನಿಲ್ಲುತ್ತದೆ. ಕಾಯಿ ಒಡೆದು ಕೈಮುಗಿದ ಮೇಲೆ ಹೊರಡುತ್ತದೆ. ಏನಿದರ ಗುಟ್ಟು?’ ಎಂದು ಓದುಗರೊಬ್ಬರು ಕೇಳಿದ್ದಾರೆ.

ಕಾಯಿ ಒಡೆಯುವ ನೆಪದಲ್ಲಿ ಕಳೆದ ಅರ್ಧ ಗಂಟೆಯಲ್ಲೇ ಗುಟ್ಟಿದೆ. ಆ ಹೊತ್ತಿಗೆ ಎಂಜಿನ್ ತಣಿದಿರುತ್ತದೆ. ಅದಕ್ಕೆ ಘಾಟಿಯ ಯಾವ ಭೂತವನ್ನೂ ಹೊಣೆ ಮಾಡಬೇಕಿಲ್ಲ.

ಪೆಟ್ರೋಲು ಅನೇಕ ಹೈಡ್ರೋಕಾರ್ಬನ್ನುಗಳ ಮಿಶ್ರಣ. ಅದಕ್ಕೆ ಒಂದೇ ಕುದಿಬಿಂದು ಇಲ್ಲ. ಹಗುರ ಅಂಶಗಳು ಸುಮಾರು 35-40 ಡಿಗ್ರಿ ಸೆಲ್ಸಿಯಸ್ಸಿಗೇ ಕುದಿಯತೊಡಗುತ್ತವೆ. ಭಾರದವು ಆವಿಯಾಗಲು 200 ಡಿಗ್ರಿಯ ಆಸುಪಾಸು ಬೇಕು. ಓಡಿ ಬಂದ ಕಾರಿನ ಬಾನೆಟ್ಟಿನ ಕೆಳಗೆ 40 ಡಿಗ್ರಿ ಯಾವ ಲೆಕ್ಕ!

ಪದ್ಮಿನಿಯ 1089 ಸಿಸಿ ಎಂಜಿನ್ನಿನ ಮೈಗೇ ಕೂರಿಸಿದ ಪಂಪು ಹಿಂದಿನ ಟ್ಯಾಂಕಿನಿಂದ ಪೆಟ್ರೋಲನ್ನು ಹೀರಿಕೊಳ್ಳುತ್ತದೆ. ಹೀರುವ ಪೈಪಿನಲ್ಲಿ ಒತ್ತಡ ಕಡಿಮೆ. ಒತ್ತಡ ಇಳಿದಷ್ಟೂ ದ್ರವ ಬೇಗ ಕುದಿಯುತ್ತದೆ. ಏರಿನಲ್ಲಿ ಕಾರಿನ ಮೂತಿ ಮೇಲೆದ್ದಾಗ ಟ್ಯಾಂಕು ಇನ್ನೂ ಕೆಳಗಾಗುವುದರಿಂದ ಪಂಪಿಗೆ ಹೀರುವ ಕೆಲಸ ಹೆಚ್ಚು. ಮೇಲಾಗಿ ಸಣ್ಣ ಗೇರಿನಲ್ಲಿ ತೆವಳುವ ಕಾರಿಗೆ ಎದುರುಗಾಳಿಯ ತಂಪೂ ಸಿಗದು. ಪೈಪಿನೊಳಗೇ ಪೆಟ್ರೋಲು ಆವಿಯಾಗುತ್ತದೆ. ಪಂಪಿನ ಡಯಾಫ್ರಾಮು ಆ ಆವಿಯನ್ನು ಬಲೂನಿನಂತೆ ಹಿಸುಕಿ ಬಿಡುತ್ತದೆಯೇ ಹೊರತು ಮುಂದಕ್ಕೆ ದಾಟಿಸಲಾರದು. ಕಾರ್ಬೊರೇಟರ್ ಬರಿದಾಗುತ್ತದೆ, ಎಂಜಿನ್ ತಡವರಿಸುತ್ತದೆ. ಇದೇ ವೇಪರ್ ಲಾಕ್. ಹೊಸ ಕಾರುಗಳಲ್ಲಿ ಪಂಪು ಟ್ಯಾಂಕಿನೊಳಗೇ ಕುಳಿತು ಪೆಟ್ರೋಲನ್ನು ಒತ್ತಡದಲ್ಲಿ ತಳ್ಳುವುದರಿಂದ ಈ ಕಾಟ ಅಪರೂಪ.

ಇನ್ನೊಂದು ಸೋಜಿಗ ಕೇಳಿ. ಎಥನಾಲ್ ಕುದಿಯಲು 78 ಡಿಗ್ರಿ ಬೇಕು. ಆದರೂ ಪೆಟ್ರೋಲಿಗೆ ಅದನ್ನು ಸ್ವಲ್ಪ ಬೆರೆಸಿದರೆ ಆ ಮಿಶ್ರಣ ಬರೀ ಪೆಟ್ರೋಲಿಗಿಂತಲೂ ಸುಲಭವಾಗಿ ಆವಿಯಾಗಿ ವೇಪರ್ ಲಾಕಿಗೆ ದಾರಿ ಮಾಡುತ್ತದೆ!

ಹಾಗೆಂದು ಬಿಸಿಯಾದಾಗ ಮುಗ್ಗರಿಸುವ ಕಾರಿಗೆಲ್ಲ ವೇಪರ್ ಲಾಕ್ ಎನ್ನುವಂತಿಲ್ಲ. ಹಳತಾದ ಇಗ್ನಿಷನ್ ಕಾಯಿಲ್, ಕಂಡೆನ್ಸರ್‌ಗಳೂ ಬಿಸಿಯಲ್ಲಿ ಕೈಕೊಟ್ಟು ತಣಿದಾಗ ಸರಿಹೋಗುತ್ತವೆ. ಸುಮ್ಮನೆ ಕಾದರೆ ಎಲ್ಲವೂ ಒಟ್ಟಿಗೇ ತಣಿಯುತ್ತವೆ, ಕಳ್ಳ ಯಾರೆಂದು ಗೊತ್ತಾಗುವುದೇ ಇಲ್ಲ.

ಆದ್ದರಿಂದಲೇ ಹಳೆಯ ಡ್ರೈವರುಗಳು ಪಂಪಿಗೆ ಸುತ್ತುತ್ತಿದ್ದ ಒದ್ದೆ ಬಟ್ಟೆಯ ಮೇಲೆ ನನಗೆ ಬಹಳ ಗೌರವ. ಅದನ್ನು ನಾವು ಬರೀ ನಾಟಿ ಔಷಧಿ ಎಂದುಕೊಂಡಿದ್ದೇವೆ. ನಿಜಕ್ಕೂ ಅದೊಂದು ಅಚ್ಚುಕಟ್ಟಾದ ಪ್ರಯೋಗ. ನೀರು ಆವಿಯಾಗುತ್ತ ಪಂಪಿನ ಶಾಖವನ್ನು ಎಳೆದುಕೊಳ್ಳುತ್ತದೆ, ಒಳಗಿನ ಆವಿ ಮತ್ತೆ ಪೆಟ್ರೋಲಾಗುತ್ತದೆ. ಕಾಯಿಲ್ ಮಾತ್ರ ಬಿಸಿಯಾಗಿಯೇ ಇರುತ್ತದೆ. ಬದಲಾದದ್ದು ಒಂದೇ ಸಂಗತಿಯಾದ್ದರಿಂದ, ಕೆಲವೇ ನಿಮಿಷಗಳಲ್ಲಿ ಕಾರು ಹೊರಟರೆ ದೋಷ ಪೆಟ್ರೋಲಿನ ದಾರಿಯಲ್ಲಿದೆ ಎಂದು ಧೈರ್ಯವಾಗಿ ಹೇಳಬಹುದು. ಹೊರಡದಿದ್ದರೆ ಪ್ಲಗ್ಗಿನ ಕಿಡಿಯನ್ನು ಮೆಕ್ಯಾನಿಕ್ಕಿನಿಂದ ನೋಡಿಸಿ. ಬಲವಾದ ನೀಲಿ ಕಿಡಿಯ ಬದಲು ಹಳದಿಯ ನಿತ್ರಾಣ ಕಿಡಿ ಕಂಡರೆ ಕಾಯಿಲ್, ಕಂಡೆನ್ಸರ್‌ಗಳ ಮೇಲೆ ಅನುಮಾನ. ಟ್ಯಾಂಕಿನ ಮುಚ್ಚಳ ತೆರೆದಾಗ ‘ಸುಸ್’ ಎಂದು ಗಾಳಿ ಒಳನುಗ್ಗಿದರೆ, ಗಾಳಿಯಾಡುವ ಅದರ ರಂಧ್ರ ಕಟ್ಟಿಕೊಂಡು ಪೆಟ್ರೋಲು ಬರದಂತೆ ತಡೆಯುತ್ತಿದೆ.

ಬಟ್ಟೆಯ ಪರೀಕ್ಷೆ ಗೆದ್ದರೆ, ಪೆಟ್ರೋಲ್ ಪೈಪನ್ನು ಎಕ್ಸಾಸ್ಟಿನಿಂದ ದೂರ ಸರಿಸಿ. ಪಂಪಿಗೂ ಎಂಜಿನ್ನಿಗೂ ನಡುವೆ ಶಾಖ ತಡೆಯುವ ಪ್ಯಾಕಿಂಗ್ ಇದೆಯೇ ನೋಡಿ. ಅಲ್ಲಿಯವರೆಗೆ ಕಾರ್ಬೊರೇಟರ್ ಬದಲಿಸಲು ಯಾರು ಹೇಳಿದರೂ ಒಪ್ಪಬೇಡಿ.