ದೋಸೆ ಬಿಲ್ಲಿನ ಮೂವತ್ತು ಸೆಂಟ್

ಶನಿವಾರ ಸಂಜೆ ಮನೆಮಂದಿಯೆಲ್ಲ ಹೋಟೆಲಿಗೆ ಹೋಗಿ ದೋಸೆ ತಿಂದು, ಬಿಲ್ ಕೊಟ್ಟು ಬರ್ತೀವಿ. ಬಿಲ್ಲಿನ ಕೆಳಗಿರೋ ಟ್ಯಾಕ್ಸ್ ಸಾಲನ್ನು ನಮ್ಮಲ್ಲಿ ಎಷ್ಟು ಜನ ಓದಿದ್ದೇವೆ?

ಮ್ಯಾಸಚೂಸೆಟ್ಸ್‌ನಲ್ಲಿ ಹೋಟೆಲ್ ಊಟಕ್ಕೆ ರಾಜ್ಯದ ತೆರಿಗೆ ಶೇ. 6.25. 2009ರ ಕಾನೂನಿನಂತೆ, ಊರು ಒಪ್ಪಿದ್ದರೆ ಇನ್ನೂ ಶೇ. 0.75 ಸೇರುತ್ತದೆ. 40 ಡಾಲರ್ ಊಟದಲ್ಲಿ ಊರಿನ ಪಾಲು 30 ಸೆಂಟ್. ಅಂಗಡಿಯಿಂದ ದೋಸೆ ಹಿಟ್ಟು ತಂದು ಮನೆಯಲ್ಲೇ ಹುಯ್ದುಕೊಂಡರೆ ಈ ತೆರಿಗೆ ಇಲ್ಲ!

ಈ ದುಡ್ಡು ಸಾಮಾನ್ಯವಾಗಿ ಊರಿನ ಬೊಕ್ಕಸ ಸೇರುತ್ತದೆ. ಕೆಲವು ಊರುಗಳು ಇದನ್ನು ಸ್ಮರಣೆಯ ಕೆಲಸಕ್ಕೂ ಬಳಸಿವೆ. ಪ್ಲಿಮತ್ ಊರು 2020ರ 400ನೇ ವರ್ಷಾಚರಣೆಯನ್ನು ಕಣ್ಮುಂದೆ ಇಟ್ಟುಕೊಂಡು, 1820ರ ಕೋರ್ಟ್ ಕಟ್ಟಡವನ್ನು ಟೌನ್ ಹಾಲ್ ಮಾಡಲು ಊಟದ ತೆರಿಗೆಯನ್ನೇ ನೆಚ್ಚಿಕೊಂಡಿತು. ಮನೆ ತೆರಿಗೆ ಏರಿಸೋದು ಬೇಡ, ಬಂದುಹೋಗುವ ಪ್ರವಾಸಿಗರೂ ಕೈಜೋಡಿಸಲಿ ಅನ್ನೋ ಲೆಕ್ಕ. ಆದರೆ ಮಧ್ಯಾಹ್ನದ ಊಟ ಹೊರಗೆ ಕೊಳ್ಳುವ ಕೆಲಸಗಾರನೂ ಅಷ್ಟೇ ದರ ಕೊಡುತ್ತಾನೆ.

ವೀಸಾದಲ್ಲಿರುವ ನಮಗೆ ಇಲ್ಲಿ ಮತವಿಲ್ಲ, ತೆರಿಗೆ ಮಾತ್ರ ಇದೆ. ಪ್ರತಿನಿಧಿಯಿಲ್ಲದೆ ತೆರಿಗೆ ಹಾಕಬೇಡಿ ಅಂತ ಇದೇ ನೆಲದ ಜನ ಜಗಳ ತೆಗೆದಿದ್ದರು. ಅದು ಬೆಳೆದು 1775ರ ಏಪ್ರಿಲ್ 19ರಂದು ಲೆಕ್ಸಿಂಗ್ಟನ್‌ನಲ್ಲಿ ಗುಂಡು ಹಾರಿತು. ಅದನ್ನೇ ಪ್ರತಿ ವರ್ಷ ಪೇಟ್ರಿಯಟ್ಸ್ ಡೇ ಅಂತ ಆಚರಿಸುತ್ತಾರೆ.

ನಾವು ಜಗಳಕ್ಕೆ ಹೋಗೋದು ಬೇಡ. ಟೌನ್ ಮೀಟಿಂಗ್‌ಗೆ ಹೋಗಿ ಕೂತು ಕೇಳೋದಕ್ಕೆ ಮತದ ಹಕ್ಕು ಬೇಕಿಲ್ಲ. ಊರಿನ ಬಜೆಟ್ ಬಂದಾಗ ಒಮ್ಮೆ ಹೋಗೋಣ. ನಮ್ಮ ಮೂವತ್ತು ಸೆಂಟ್ ಯಾರ ನೆನಪಿಗೆ ಹೋಗುತ್ತಿದೆ ಅಂತ ತಿಳಿದುಕೊಳ್ಳೋಣ.